76.5 ಕೋಟಿ ಡಾಲರಿನ ಆಟಗಾರ: ಬೇಸ್‌ಬಾಲ್ ಅಭಿಮಾನಿಗಳ ಜಗಳದ ಹಿಂದಿರುವ ಲೆಕ್ಕ

2024ರ ಅಕ್ಟೋಬರ್ 19ರ ರಾತ್ರಿ ಕ್ಲೀವ್‌ಲ್ಯಾಂಡಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ತಂಡಗಳು 2–2ರಲ್ಲಿ ಸಮನಾಗಿ ನಿಂತಿದ್ದವು. ಒಂಬತ್ತು ಇನ್ನಿಂಗ್ಸ್ ಮುಗಿದು ಹತ್ತನೆಯದು ನಡೆಯುತ್ತಿತ್ತು. ಯಾಂಕೀಸ್‌ನ ಇಬ್ಬರು ಔಟಾಗಿದ್ದರು, ಇಬ್ಬರು ಬೇಸ್‌ಗಳ ಮೇಲೆ ಕಾದಿದ್ದರು, ಬ್ಯಾಟ್ ಹಿಡಿದು ನಿಂತವನು ಹುವಾನ್ ಸೊಟೊ. ಪಿಚರ್ ಹಂಟರ್ ಗ್ಯಾಡಿಸ್ ವೇಗ ಬದಲಿಸಿ ಎಸೆದ ಚೆಂಡುಗಳನ್ನೆಲ್ಲ ಸೊಟೊ ಒಂದಾದ ಮೇಲೊಂದರಂತೆ ತುದಿಗೆ ತಾಗಿಸಿ ಫೌಲ್ ಮಾಡುತ್ತ, ಅಂದರೆ ಗೆರೆಯ ಹೊರಗೆ ಕಳಿಸುತ್ತ, ಹೋದ. ನಡುನಡುವೆ ಕಾಲಿನಿಂದ ಮಣ್ಣು ಸವರಿ, ಪಿಚರನ ಕಣ್ಣನ್ನೇ ದಿಟ್ಟಿಸುವುದು ಅವನ ವಾಡಿಕೆ. ಏಳನೆಯ ಎಸೆತ ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದಲ್ಲಿ ಬಂದಿತು; ಸೊಟೊ ಕಾದಿದ್ದದ್ದು ಅದಕ್ಕೇ. ಚೆಂಡು ಬಲಬದಿಯ ಬೇಲಿಯ ಆಚೆ ಬಿದ್ದಿತು, ಮೂರು ರನ್ ಬಂದವು, ಮತ್ತು ಯಾಂಕೀಸ್ 2009ರ ನಂತರ ಮೊದಲ ಸಲ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ಹೋಯಿತು.

ಏಳು ವಾರಗಳ ಬಳಿಕ, ಡಿಸೆಂಬರ್ 8ರಂದು, ಅದೇ ಸೊಟೊ ಅದೇ ನಗರದ ಇನ್ನೊಂದು ತಂಡವಾದ ಮೆಟ್ಸ್ ಜೊತೆ 15 ವರ್ಷಗಳಿಗೆ 76.5 ಕೋಟಿ ಡಾಲರಿನ ಒಪ್ಪಂದಕ್ಕೆ ಒಪ್ಪಿದ. ವೃತ್ತಿಪರ ಕ್ರೀಡೆಯಲ್ಲಿ ಆವರೆಗೆ ಒಬ್ಬ ಆಟಗಾರನಿಗೆ ಅಷ್ಟು ದೊಡ್ಡ ಒಪ್ಪಂದ ಸಿಕ್ಕಿರಲಿಲ್ಲ. ಅವನನ್ನು ಉಳಿಸಿಕೊಳ್ಳಲು ಯಾಂಕೀಸ್ 16 ವರ್ಷಗಳಿಗೆ 76 ಕೋಟಿ ಡಾಲರ್ ಕೊಡಲು ಮುಂದಾಗಿತ್ತೆಂದು ವರದಿಯಾಯಿತು. ಬ್ರಾಂಕ್ಸ್‌ನ ಯಾಂಕೀಸ್ ಅಭಿಮಾನಿಗಳು ಅವನನ್ನು ದುಡ್ಡಿಗೆ ಮಾರಿಕೊಂಡವನು ಎಂದರು. ಕ್ವೀನ್ಸ್‌ನ ಮೆಟ್ಸ್ ಅಭಿಮಾನಿಗಳಲ್ಲಿ ಕೆಲವರು ಹಬ್ಬ ಮಾಡಿದರೆ, ಇನ್ನು ಕೆಲವರು ನಲವತ್ತರ ಅಂಚಿನಲ್ಲಿರುವ ಆಟಗಾರನಿಗೆ ವರ್ಷಕ್ಕೆ 5 ಕೋಟಿ ಡಾಲರ್ ಸುರಿಯುವ ದಿನಗಳನ್ನು ಈಗಲೇ ಎಣಿಸತೊಡಗಿದರು. ಮಿಲ್ವಾಕಿ, ಪಿಟ್ಸ್‌ಬರ್ಗ್‌ನಂಥ ಸಣ್ಣ ಊರುಗಳ ಅಭಿಮಾನಿಗಳು, ಇನ್ನು ನಮ್ಮ ತಂಡ ಆಡುವುದಾದರೂ ಏಕೆ ಎಂದು ಕೇಳಿದರು. ಈ ಮೂರೂ ಮಾತುಗಳಲ್ಲಿ ಸತ್ಯದ ಒಂದೊಂದು ತುಣುಕಿದೆ. ಆದರೆ ಮೊತ್ತ ಹೆಚ್ಚೋ ಕಡಿಮೆಯೋ ಎಂದು ವಾದಿಸುವವರಲ್ಲಿ ಬಹುಪಾಲು ಜನ ಆ ಮೊತ್ತ ಹುಟ್ಟಿದ್ದು ಹೇಗೆ ಎಂಬುದನ್ನು ಕೇಳುವುದೇ ಇಲ್ಲ. ನನಗೆ ತೋರುವ ಮಟ್ಟಿಗೆ ಅದರ ಮೂಲವಿರುವುದು ಸೊಟೊ ಸಹಿ ಹಾಕಿದ ದಿನದಲ್ಲಲ್ಲ. ಅದಕ್ಕೆ ಹಿಂದಿನ ವರ್ಷಗಳಲ್ಲಿ, ಅವನ ಬೆಲೆ ಬೇರೆಯವರ ಕೈಯಲ್ಲಿದ್ದ ಕಾಲದಲ್ಲಿ.

ಅಮೆರಿಕದ ಬೇಸ್‌ಬಾಲ್‌ನಲ್ಲಿ 1879ರಿಂದ ಸುಮಾರು ಒಂದು ನೂರು ವರ್ಷ ಕಾಲ ‘ಕಾಯ್ದಿರಿಸುವ ಷರತ್ತು’ ಎಂಬುದೊಂದು ಜಾರಿಯಲ್ಲಿತ್ತು. ಒಪ್ಪಂದದ ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದಲ್ಲಿಯೇ ಉಳಿಯುತ್ತಿತ್ತು. ಅವನು ಆಡಿದರೆ ಆ ತಂಡಕ್ಕೇ ಆಡಬೇಕು, ಇಲ್ಲವಾದರೆ ಮನೆಯಲ್ಲಿ ಕೂರಬೇಕು. ತಂಡ ಮಾತ್ರ ಅವನನ್ನು ಯಾರಿಗೆ ಬೇಕಾದರೂ ದಾಟಿಸಬಹುದಿತ್ತು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸುವುದಿಲ್ಲ ಎಂದು ಹೇಳಿ ಈ ಏರ್ಪಾಟಿಗೆ ಕಾವಲು ಒದಗಿಸಿತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಹನ್ನೆರಡು ವರ್ಷ ಆಡಿದ್ದ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು 1969ರ ಅಕ್ಟೋಬರಿನಲ್ಲಿ ಅವನನ್ನು ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಗೆ ದಾಟಿಸಲಾಯಿತು. ಆ ವರ್ಷದ ಕ್ರಿಸ್ಮಸ್ ಮುನ್ನಾದಿನ ಅವನು ಬೇಸ್‌ಬಾಲ್ ಕಮಿಷನರಿಗೆ ಪತ್ರ ಬರೆದು, ನನ್ನ ಇಚ್ಛೆಯನ್ನು ಲೆಕ್ಕಿಸದೆ ಕೊಂಡು ಮಾರುವ ಸ್ವತ್ತು ನಾನಲ್ಲ ಎಂಬ ಅರ್ಥದ ಮಾತನ್ನು ಹೇಳಿದ. ವರ್ಷಕ್ಕೆ 90,000 ಡಾಲರ್ ಗಳಿಸುತ್ತಿದ್ದವನು 1970ರ ಇಡೀ ಋತುವನ್ನು ಬಿಟ್ಟುಕೊಟ್ಟು ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ಫ್ಲಡ್‌ಗೆ ಏನೂ ದಕ್ಕಲಿಲ್ಲ. ಆಮೇಲಿನ ಆಟಗಾರರು ಗಳಿಸಿದ ಒಂದೊಂದು ಡಾಲರಿನಲ್ಲಿಯೂ ಅವನ ಪಾಲಿದೆ ಎಂದು ನಾನು ನಂಬುತ್ತೇನೆ.

ನ್ಯಾಯಾಲಯದಲ್ಲಿ ತೆರೆಯದ ಬಾಗಿಲನ್ನು ಕಾರ್ಮಿಕ ಸಂಘ ತೆರೆಯಿತು. ಉಕ್ಕಿನ ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಮಾರ್ವಿನ್ ಮಿಲ್ಲರ್ 1966ರಲ್ಲಿ ಆಟಗಾರರ ಸಂಘದ ಹೊಣೆ ಹೊತ್ತಾಗ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್ ಇತ್ತು. ಷರತ್ತಿನ ಬರಹವನ್ನು ಮಿಲ್ಲರ್ ಸೂಕ್ಷ್ಮವಾಗಿ ಓದಿದರು. ತಂಡ ಒಪ್ಪಂದವನ್ನು ಒಂದು ವರ್ಷದ ಮಟ್ಟಿಗೆ ನವೀಕರಿಸಬಹುದು ಎಂದು ಅದರಲ್ಲಿತ್ತು. ಆ ನವೀಕರಣ ಮತ್ತೆ ಮತ್ತೆ, ಕೊನೆಯಿಲ್ಲದೆ ನಡೆಯಬಹುದು ಎಂದು ಎಲ್ಲಿಯೂ ಇರಲಿಲ್ಲ. ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್ನಾಲಿ ಎಂಬ ಇಬ್ಬರು ಪಿಚರುಗಳು 1975ರಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ಆಡಿದರು. ವರ್ಷದ ಕೊನೆಗೆ, ಡಿಸೆಂಬರ್ 23ರಂದು, ಮಧ್ಯಸ್ಥಗಾರ ಪೀಟರ್ ಸೈಟ್ಜ್ ಅವರಿಬ್ಬರೂ ಸ್ವತಂತ್ರರು ಎಂದು ತೀರ್ಮಾನಿಸಿದರು. ಮಾಲೀಕರು ತಕ್ಷಣ ಸೈಟ್ಜ್ ಅವರನ್ನು ಕೆಲಸದಿಂದ ತೆಗೆದರು, ಆದರೆ ತೀರ್ಪನ್ನು ತೆಗೆಯಲಾಗಲಿಲ್ಲ. ಮರುವರ್ಷ ಎರಡೂ ಕಡೆಯವರು ಕುಳಿತು ಒಂದು ರಾಜಿಗೆ ಬಂದರು: ದೊಡ್ಡ ಲೀಗಿನಲ್ಲಿ ಆರು ವರ್ಷ ಸೇವೆ ಮುಗಿಸಿದ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ, ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳುತ್ತಾನೆ. ಎಲ್ಲರೂ ಒಟ್ಟಿಗೆ ಮಾರುಕಟ್ಟೆಗೆ ಬಂದರೆ ಪೂರೈಕೆ ಹೆಚ್ಚಾಗಿ ಬೆಲೆ ಇಳಿಯುತ್ತದೆ, ಕೆಲವರು ಮಾತ್ರ ಬಂದರೆ ಏರುತ್ತದೆ ಎಂಬುದು ಮಿಲ್ಲರ್ ಅವರಿಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ಈ ಆರು ವರ್ಷಗಳ ಗಡಿ ಅವರಿಗೂ ಒಪ್ಪಿಗೆಯಾಗುವಂಥದ್ದೇ ಆಗಿತ್ತು.

ಇಂದಿನ ಜಗಳದ ಬೇರು ಇರುವುದು ಈ ಆರು ವರ್ಷಗಳಲ್ಲಿಯೇ. ಸೊಟೊ 2018ರ ಮೇ ತಿಂಗಳಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ವಾಷಿಂಗ್ಟನ್ ನ್ಯಾಷನಲ್ಸ್ ತಂಡಕ್ಕೆ ಬಂದ. ಮರುವರ್ಷ 34 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದು, ವರ್ಲ್ಡ್ ಸೀರೀಸ್ ನಡೆಯುತ್ತಿದ್ದಾಗಲೇ ಇಪ್ಪತ್ತೊಂದು ತುಂಬಿಸಿಕೊಂಡು, ಆ ಸರಣಿಯಲ್ಲಿ ಮೂರು ಹೋಮ್ ರನ್ ಹೊಡೆದು ತಂಡಕ್ಕೆ ಪ್ರಶಸ್ತಿ ತಂದುಕೊಟ್ಟವರಲ್ಲಿ ಒಬ್ಬನಾದ. ಆ ವರ್ಷ ಅವನಿಗೆ ಸಿಕ್ಕ ಸಂಬಳ 6 ಲಕ್ಷ ಡಾಲರಿಗಿಂತಲೂ ಕಡಿಮೆ, ಏಕೆಂದರೆ ಮೊದಲ ವರ್ಷಗಳ ಆಟಗಾರನಿಗೆ ಕನಿಷ್ಠ ಸಂಬಳದ ಆಸುಪಾಸಿನಲ್ಲಿ ಕೊಟ್ಟರೂ ಅವನು ಬೇರೆ ಕಡೆ ಹೋಗುವಂತಿಲ್ಲ. ಸಾಮಾನ್ಯವಾಗಿ ಮೂರು ವರ್ಷ ಕಳೆದ ಮೇಲೆ ಮಧ್ಯಸ್ಥಿಕೆಯ ಹಂತ ಬರುತ್ತದೆ. ತಂಡ ಒಂದು ಮೊತ್ತ ಹೇಳುತ್ತದೆ, ಆಟಗಾರ ಇನ್ನೊಂದು ಹೇಳುತ್ತಾನೆ, ಒಪ್ಪಂದವಾಗದಿದ್ದರೆ ಮಧ್ಯಸ್ಥಗಾರರು ಎರಡರಲ್ಲಿ ಒಂದನ್ನು ಆಯ್ಕೆ ಮಾಡುತ್ತಾರೆ. ಸಂಬಳ ಏರುತ್ತದೆ, ತಂಡ ಮಾತ್ರ ಬದಲಾಗುವಂತಿಲ್ಲ. ಸೊಟೊಗೆ 2024ರಲ್ಲಿ ಸಿಕ್ಕ 3.1 ಕೋಟಿ ಡಾಲರ್ ಈ ಹಂತದ ಆಟಗಾರರಲ್ಲಿ ದಾಖಲೆ. ಅಷ್ಟರಲ್ಲಿ ಅವನ ಹಕ್ಕು ವಾಷಿಂಗ್ಟನ್‌ನಿಂದ ಸ್ಯಾನ್ ಡಿಯಾಗೋಗೂ ಅಲ್ಲಿಂದ ನ್ಯೂಯಾರ್ಕ್‌ಗೂ ಕೈ ಬದಲಾಯಿಸಿತ್ತು. ಅವನನ್ನು ‘ನಿಷ್ಠೆಯಿಲ್ಲದವನು’ ಎನ್ನುವ ಅಭಿಮಾನಿಗಳು, ಇಪ್ಪತ್ತಾರರೊಳಗೆ ಅವನನ್ನು ಎರಡು ಸಲ ಬೇರೆಯವರೇ ಊರು ಬದಲಿಸಿದ್ದರು ಎಂಬುದನ್ನು ನೆನಪಿಡಬೇಕು.

ಆರು ವರ್ಷವೆಂಬ ಈ ಗಡಿಯನ್ನು ತಂಡಗಳು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂಬುದಕ್ಕೆ ಕ್ರಿಸ್ ಬ್ರಯಂಟ್‌ನ ಕಥೆಯನ್ನು ಹತ್ತಿರದಿಂದ ನೋಡಬೇಕು. ತಂಡದ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಶಿಕಾಗೋ ಕಬ್ಸ್ ತಂಡ 2015ರಲ್ಲಿ ತನ್ನ ಅತ್ಯಂತ ಭರವಸೆಯ ಯುವಕನಾಗಿದ್ದ ಬ್ರಯಂಟ್‌ನನ್ನು ಋತುವಿನ ಆರಂಭದಲ್ಲಿ ಕೆಳ ಲೀಗಿನಲ್ಲಿಟ್ಟು ಏಪ್ರಿಲ್ 17ರಂದು ಮೇಲಕ್ಕೆ ಕರೆಸಿತು. ವರ್ಷದ ಕೊನೆಗೆ ಅವನ ಸೇವೆ 171 ದಿನ ಆಯಿತು. ಒಂದೇ ಒಂದು ದಿನ ಕಡಿಮೆ. ಆ ಒಂದು ದಿನದಿಂದಾಗಿ ಅವನ ಬಿಡುಗಡೆ ಇಡೀ ಒಂದು ವರ್ಷ ಮುಂದೆ ಹೋಯಿತು. ಅವನು ದೂರು ಕೊಟ್ಟ, 2020ರಲ್ಲಿ ಆ ದೂರು ಬಿದ್ದುಹೋಯಿತು. ಕೊನೆಗೆ ಅವನು ಫ್ರೀ ಏಜೆಂಟ್ ಆಗಿ ಕೊಲರಾಡೋ ರಾಕೀಸ್ ಜೊತೆ ಏಳು ವರ್ಷಗಳಿಗೆ 18.2 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಾಗ ಮೂವತ್ತು ದಾಟಿದ್ದ. ಆಮೇಲಿನ ವರ್ಷಗಳು ಬಹುಪಾಲು ಗಾಯದಲ್ಲಿಯೇ ಕಳೆದುಹೋದವು. ಕಬ್ಸ್‌ಗೆ ಅವನ ಒಳ್ಳೆಯ ವರ್ಷಗಳು ಅಗ್ಗವಾಗಿ ದೊರೆತವು, ರಾಕೀಸ್‌ಗೆ ಕೆಟ್ಟ ವರ್ಷಗಳು ದುಬಾರಿಯಾಗಿ ದೊರೆತವು.

ಫ್ರೀ ಏಜೆಂಟ್ ಒಪ್ಪಂದಗಳು ಹಳ್ಳ ಹಿಡಿಯುತ್ತವೆ ಎಂಬ ಅಭಿಮಾನಿಗಳ ಭಯಕ್ಕೆ ಇದೇ ಕಾರಣ. ಹೆಚ್ಚಿನ ಆಟಗಾರರು ಇಪ್ಪತ್ತಮೂರು, ಇಪ್ಪತ್ತನಾಲ್ಕಕ್ಕೆ ಮೇಲೆ ಬಂದು ಮೂವತ್ತರ ಹೊತ್ತಿಗೆ ಬಿಡುಗಡೆಯಾಗುತ್ತಾರೆ. ಬ್ಯಾಟರನ ಮೈ ಉತ್ತುಂಗದಲ್ಲಿರುವುದು ಇಪ್ಪತ್ತೇಳರ ಆಸುಪಾಸಿನಲ್ಲಿ. ಆಲ್ಬರ್ಟ್ ಪೂಹೋಲ್ಸ್ ಸೇಂಟ್ ಲೂಯಿಸ್‌ನಲ್ಲಿ ಮೂರು ಸಲ ಲೀಗಿನ ಶ್ರೇಷ್ಠ ಆಟಗಾರನೆನಿಸಿಕೊಂಡು, ಮೂವತ್ತೆರಡಕ್ಕೆ ಕಾಲಿಡುವಾಗ ಏಂಜಲ್ಸ್ ಜೊತೆ 10 ವರ್ಷಗಳಿಗೆ 24 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ. ಆ ಹತ್ತು ವರ್ಷಗಳಲ್ಲಿ ಏಂಜಲ್ಸ್ ಪ್ಲೇಆಫ್‌ಗೆ ಹೋದದ್ದು ಒಮ್ಮೆ, 2014ರಲ್ಲಿ. ಆಗಲೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಪ್ಪಂದ ಮುಗಿಯುವ ಮೊದಲೇ, 2021ರ ಮೇ ತಿಂಗಳಲ್ಲಿ, ತಂಡ ಅವನನ್ನು ಬಿಟ್ಟುಬಿಟ್ಟಿತು. ಇದಕ್ಕೆ ಎದುರಾಗಿ ಬ್ರೈಸ್ ಹಾರ್ಪರ್ ಇದ್ದಾನೆ. ಇಪ್ಪತ್ತಾರರಲ್ಲಿ ಫಿಲಡೆಲ್ಫಿಯಾ ಜೊತೆ 13 ವರ್ಷಗಳಿಗೆ 33 ಕೋಟಿ ಡಾಲರಿಗೆ ಸಹಿ ಹಾಕಿದಾಗ ಅದನ್ನೂ ಅತಿರೇಕ ಎಂದವರಿದ್ದರು; 2021ರಲ್ಲಿ ಅವನು ಲೀಗಿನ ಶ್ರೇಷ್ಠ ಆಟಗಾರನಾದ, 2022ರಲ್ಲಿ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಕೊಂಡೊಯ್ದ. ಸೊಟೊ ಹಾರ್ಪರನ ಹಾಗೆ ಇಪ್ಪತ್ತಾರಕ್ಕೆ ಮಾರುಕಟ್ಟೆಗೆ ಬಂದವನು, ಪೂಹೋಲ್ಸ್‌ನ ಹಾಗೆ ಮೂವತ್ತೆರಡಕ್ಕಲ್ಲ. ಮೆಟ್ಸ್ ನಿಜವಾಗಿ ಕೊಂಡದ್ದು ಆ ಆರು ವರ್ಷಗಳ ವ್ಯತ್ಯಾಸವನ್ನು. ನಿಯಮಗಳು ಯುವಕರನ್ನು ಕಟ್ಟಿಹಾಕುವುದರಿಂದಲೇ ಬಿಡುಗಡೆಯಾದ ಯುವಕ ಅಪರೂಪದ ವಸ್ತುವಾಗುತ್ತಾನೆ. ಅಪರೂಪದ್ದಕ್ಕೆ ಬೆಲೆ ಏರದೆ ಇನ್ನೇನು?

ಆ ಬೆಲೆಯನ್ನು ತಂಡಗಳು ಅಂದಾಜಿನ ಮೇಲೆ ಹೇಳುವುದಿಲ್ಲ. ಕೆಳ ಲೀಗಿನಿಂದ ಯಾರನ್ನಾದರೂ ಕರೆತಂದು ನಿಲ್ಲಿಸಿದರೆ ಬರುವ ಗೆಲುವಿಗಿಂತ ಒಬ್ಬ ಆಟಗಾರ ವರ್ಷಕ್ಕೆ ಎಷ್ಟು ಹೆಚ್ಚು ಗೆಲುವು ತರುತ್ತಾನೆ ಎಂದು ಅಳೆಯುವ ಲೆಕ್ಕವೊಂದಿದೆ; 2024ರಲ್ಲಿ ಸೊಟೊ ಅದರ ಪ್ರಕಾರ ಸುಮಾರು ಎಂಟು ಗೆಲುವಿನ ಆಟಗಾರ. ಮುಕ್ತ ಮಾರುಕಟ್ಟೆಯಲ್ಲಿ ಒಂದು ಗೆಲುವಿನ ಬೆಲೆ 80 ಲಕ್ಷದಿಂದ 1 ಕೋಟಿ ಡಾಲರ್ ಎಂಬುದು ವಿಶ್ಲೇಷಕರ ಸಾಮಾನ್ಯ ಅಂದಾಜು. ವರ್ಷಕ್ಕೆ ಸರಾಸರಿ 5.1 ಕೋಟಿ ಡಾಲರ್ ಪಡೆಯುವವನು ಐದಾರು ಗೆಲುವು ತಂದರೆ ಲೆಕ್ಕ ಸರಿಹೋಗುತ್ತದೆ. ಮೊದಲ ಏಳೆಂಟು ವರ್ಷ ಅವನು ಅದಕ್ಕಿಂತ ಹೆಚ್ಚು ತರುತ್ತಾನೆ, ಕೊನೆಯ ವರ್ಷಗಳಲ್ಲಿ ತೀರ ಕಡಿಮೆ ತರುತ್ತಾನೆ ಎಂದು ಇಟ್ಟುಕೊಂಡೇ ಒಪ್ಪಂದ ಬರೆಯಲಾಗುತ್ತದೆ. ಹಾಗಾಗಿ 2038ರಲ್ಲಿ ಅವನು ಓಡಲಾರ ಎಂಬ ಆಕ್ಷೇಪ ಸರಿಯೇ ಆದರೂ, ಅದು ಮೆಟ್ಸ್‌ಗೆ ತಿಳಿಯದ ಸಂಗತಿಯಲ್ಲ. ಕೊನೆಯ ವರ್ಷಗಳ ಹಣ ಎಂದರೆ ಮೊದಲ ವರ್ಷಗಳ ಬೆಲೆಯನ್ನು ಕಂತಿನಲ್ಲಿ ತೀರಿಸುವುದು.

ಇಷ್ಟು ಕೊಡಲು ನಿಯಮ ಬಿಡುತ್ತದೆಯೇ ಎಂಬ ಪ್ರಶ್ನೆ ಕನ್ನಡದ ಓದುಗರಿಗೆ ಸಹಜವಾಗಿ ಬರಬೇಕು, ಏಕೆಂದರೆ ನಮಗೆ ಪರಿಚಿತವಾಗಿರುವುದು ಐಪಿಎಲ್ ಹರಾಜು. ಸೊಟೊ ಸಹಿ ಹಾಕುವ ಎರಡು ವಾರ ಮುನ್ನ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಪ್ರತಿ ತಂಡದ ಕೈಯಲ್ಲಿದ್ದದ್ದು ಉಳಿಸಿಕೊಂಡವರನ್ನೂ ಸೇರಿಸಿ 120 ಕೋಟಿ ರೂಪಾಯಿ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಲಖನೌ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟರೆ ಉಳಿದವರಿಗೆ ಅಷ್ಟು ಕಡಿಮೆಯಾಯಿತು. ಕೆ.ಎಲ್. ರಾಹುಲ್ ಬೆಂಗಳೂರಿಗೆ ಬರಲಿ ಎಂದು ಬಯಸಿದ ಅಭಿಮಾನಿಗಳು ಎಷ್ಟಿದ್ದರೂ ಅವರು 14 ಕೋಟಿಗೆ ದೆಹಲಿಗೆ ಹೋದರು. ಅಲ್ಲಿ ಆಟಗಾರನ ಇಚ್ಛೆಗೆ ಜಾಗವಿಲ್ಲ, ಹೆಚ್ಚು ಕೂಗಿದ ತಂಡಕ್ಕೆ ಅವನು ಸೇರುತ್ತಾನೆ. ಬೇಸ್‌ಬಾಲ್‌ನಲ್ಲಿ ಎರಡೂ ತಲೆಕೆಳಗು. ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿಯಿಲ್ಲ. ಆರು ವರ್ಷ ಮುಗಿಸಿದವನು ಕಡಿಮೆ ಹಣದ ಕರೆಗೂ ಓಗೊಡಬಹುದು. ಆದ್ದರಿಂದ ‘ಸೊಟೊಗೆ ಇಷ್ಟು ಕೊಟ್ಟರೆ ಪಿಚರಿಗೆ ಏನು ಉಳಿಯುತ್ತದೆ’ ಎಂಬ ಪ್ರಶ್ನೆ ಐಪಿಎಲ್‌ನಲ್ಲಿ ಗಣಿತ, ಬೇಸ್‌ಬಾಲ್‌ನಲ್ಲಿ ಮಾಲೀಕನ ಮನಸ್ಸು.

ಮಿತಿಯಿಲ್ಲ ಎಂದಮಾತ್ರಕ್ಕೆ ತಡೆಯೇ ಇಲ್ಲ ಎಂದಲ್ಲ, ಅಲ್ಲಿರುವುದು ತೆರಿಗೆ. ಆಡುಮಾತಿನಲ್ಲಿ ಅದನ್ನು ಲಗ್ಜುರಿ ಟ್ಯಾಕ್ಸ್ ಎನ್ನುತ್ತಾರೆ. 2025ರಲ್ಲಿ ಅದರ ಗಡಿ 24.1 ಕೋಟಿ ಡಾಲರ್. ತಂಡದ ಒಟ್ಟು ಸಂಬಳ ಈ ಗಡಿ ದಾಟಿದರೆ, ದಾಟಿದ ಭಾಗಕ್ಕೆ ಮೊದಲ ವರ್ಷ ಶೇ 20, ಸತತ ಎರಡನೆಯ ವರ್ಷ ಶೇ 30, ಮೂರನೆಯ ವರ್ಷದಿಂದ ಶೇ 50 ತೆರಿಗೆ. ಗಡಿಯಿಂದ ಇನ್ನಷ್ಟು ದೂರ ಹೋದಂತೆ ಮೇಲ್ತೆರಿಗೆಗಳು ಸೇರುತ್ತವೆ; 6 ಕೋಟಿ ಡಾಲರಿಗಿಂತ ಹೆಚ್ಚು ದಾಟಿದ ಭಾಗಕ್ಕೆ ಮತ್ತೆ ಶೇ 60. ಈ ಕೊನೆಯ ಮೆಟ್ಟಿಲನ್ನು ಮಾಲೀಕರ ಮತ್ತು ಆಟಗಾರರ ನಡುವಿನ 2022ರ ಒಪ್ಪಂದದಲ್ಲಿ ಸೇರಿಸಿದಾಗ, 2020ರಲ್ಲಿ ಸುಮಾರು 240 ಕೋಟಿ ಡಾಲರಿಗೆ ಮೆಟ್ಸ್ ತಂಡವನ್ನು ಕೊಂಡಿದ್ದ ಸ್ಟೀವ್ ಕೋಹೆನ್ ಅವರನ್ನು ತಡೆಯಲೆಂದೇ ಇದನ್ನು ತಂದದ್ದು ಎಂದು ಎಲ್ಲರೂ ಅರ್ಥಮಾಡಿಕೊಂಡು ‘ಕೋಹೆನ್ ತೆರಿಗೆ’ ಎಂದೇ ಕರೆದರು. ಸತತವಾಗಿ ದಾಟುತ್ತಿರುವ ತಂಡ ಆ ಮಟ್ಟದಲ್ಲಿ ಆಟಗಾರನಿಗೆ 1 ಡಾಲರ್ ಕೊಟ್ಟರೆ ಲೀಗಿಗೆ 1 ಡಾಲರ್ 10 ಸೆಂಟ್ ಕೊಡಬೇಕು. ಕೋಹೆನ್ ತಡೆದುಕೊಳ್ಳಲಿಲ್ಲ. ಮೆಟ್ಸ್ 2023ರಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ತೆರಿಗೆ ಕಟ್ಟಿತು. 2024ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ 10.3 ಕೋಟಿ ಕಟ್ಟಿ ಆ ದಾಖಲೆ ಮುರಿಯಿತು. ಅಂದರೆ ಸೊಟೊನ 5.1 ಕೋಟಿ ಮೆಟ್ಸ್‌ಗೆ 5.1 ಕೋಟಿಯಲ್ಲಿ ಮುಗಿಯುವುದಿಲ್ಲ, ಕೆಲವು ವರ್ಷ ಅದರ ಇಮ್ಮಡಿಯ ಹತ್ತಿರ ಹೋಗಬಹುದು. ಅವನನ್ನು ತೆಗೆದುಕೊಂಡದ್ದಕ್ಕೆ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2025ರ ಎರಡು ಆಯ್ಕೆಗಳನ್ನೂ, ವಿದೇಶಿ ಹುಡುಗರಿಗೆ ಸಹಿ ಹಾಕಿಸಲು ಇಟ್ಟ ಹಣದಲ್ಲಿ 10 ಲಕ್ಷ ಡಾಲರನ್ನೂ ಮೆಟ್ಸ್ ಕಳೆದುಕೊಂಡಿತು.

ಇಲ್ಲಿ ಶೋಹೇ ಓಟಾನಿಯ ಒಪ್ಪಂದವನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. 2023ರ ಡಿಸೆಂಬರಿನಲ್ಲಿ ಅವನು ಡಾಡ್ಜರ್ಸ್ ಜೊತೆ 10 ವರ್ಷಗಳಿಗೆ 70 ಕೋಟಿ ಡಾಲರಿಗೆ ಸಹಿ ಹಾಕಿದ. ಆದರೆ ಆಡುವ ಹತ್ತು ವರ್ಷಗಳಲ್ಲಿ ಅವನು ಪಡೆಯುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿಯನ್ನು 2034ರಿಂದ 2043ರವರೆಗೆ ವರ್ಷಕ್ಕೆ 6.8 ಕೋಟಿಯಂತೆ, ಬಡ್ಡಿಯಿಲ್ಲದೆ ಕೊಡಲಾಗುತ್ತದೆ. ಹತ್ತು ವರ್ಷದ ನಂತರ ಕೈಗೆ ಬರುವ ನೂರು ರೂಪಾಯಿ ಇಂದಿನ ನೂರು ರೂಪಾಯಿಗೆ ಸಮವಲ್ಲ ಎಂಬುದು ಚೀಟಿ ಹಾಕಿದ ಯಾರಿಗೂ ಗೊತ್ತಿರುವ ವಿಷಯ. ಲೀಗ್ ಕೂಡ ಹಾಗೆಯೇ ಲೆಕ್ಕ ಹಾಕಿ, ತೆರಿಗೆಯ ಉದ್ದೇಶಕ್ಕೆ ಅವನ ವಾರ್ಷಿಕ ಸಂಬಳ ಸುಮಾರು 4.6 ಕೋಟಿ ಎಂದಿತು. ಸೊಟೊನ ಒಪ್ಪಂದದಲ್ಲಿ ಮುಂದೂಡಿದ ಹಣವೇ ಇಲ್ಲ, ಬದಲಿಗೆ 7.5 ಕೋಟಿ ಡಾಲರ್ ಸಹಿ ಬೋನಸ್ ಇದೆ. ಹೀಗಾಗಿ 76.5 ಮತ್ತು 70ರ ನಡುವಿನ ಅಂತರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು. ಹಣ ಮುಂದೂಡುವುದು ಡಾಡ್ಜರ್ಸ್ ಕಂಡುಹಿಡಿದ ಕುತಂತ್ರ ಎನ್ನುವವರಿಗೆ ಮೆಟ್ಸ್‌ನದೇ ಹಳೆಯ ಉದಾಹರಣೆಯಿದೆ. 2000ದಲ್ಲಿ ಬಾಬಿ ಬೊನಿಲ್ಲಾಗೆ ಕೊಡಬೇಕಿದ್ದ 59 ಲಕ್ಷ ಡಾಲರನ್ನು ಶೇ 8ರ ಬಡ್ಡಿಗೆ ಮುಂದೂಡಿದ ತಂಡ, 2011ರಿಂದ 2035ರವರೆಗೆ ಪ್ರತಿ ಜುಲೈ 1ರಂದು ಅವನಿಗೆ 11,93,248 ಡಾಲರ್ ಕೊಡುತ್ತಿದೆ. ಅವನು ಕೊನೆಯ ಪಂದ್ಯ ಆಡಿದ್ದು 2001ರಲ್ಲಿ.

ಮೊತ್ತವಷ್ಟೇ ಅಲ್ಲ, ಷರತ್ತುಗಳೂ ಒಪ್ಪಂದದ ಜೀವ. 2029ರ ಋತು ಮುಗಿದ ಮೇಲೆ ಸೊಟೊ ಒಪ್ಪಂದ ಬಿಟ್ಟು ಮತ್ತೆ ಮಾರುಕಟ್ಟೆಗೆ ಬರಬಹುದು. ಉಳಿದ ಹತ್ತು ವರ್ಷಗಳ ಸಂಬಳವನ್ನು ವರ್ಷಕ್ಕೆ 40 ಲಕ್ಷ ಏರಿಸಿ ಮೆಟ್ಸ್ ಅವನನ್ನು ತಡೆಯಬಹುದು, ಆಗ ಒಟ್ಟು 80.5 ಕೋಟಿ ಆಗುತ್ತದೆ. ಅವನು ಚೆನ್ನಾಗಿ ಆಡಿದರೆ ಆಯ್ಕೆ ಅವನದು, ಆಡದಿದ್ದರೆ ಭಾರ ತಂಡದ್ದು. ಬೇಸ್‌ಬಾಲ್ ಒಪ್ಪಂದಗಳು ಖಾತರಿಯವು, ಗಾಯವಾಯಿತೆಂದು ಸಂಬಳ ನಿಲ್ಲುವುದಿಲ್ಲ. ಕುಟುಂಬದವರು ಕುಳಿತು ನೋಡಲು ಮೈದಾನದಲ್ಲಿ ಒಂದು ಖಾಸಗಿ ಕೊಠಡಿ ಬೇಕೆಂದು ಅವನು ಕೇಳಿದ್ದನ್ನು ಮೆಟ್ಸ್ ಒಪ್ಪಿತು, ಯಾಂಕೀಸ್ ಒಪ್ಪಲಿಲ್ಲ ಎಂಬುದು ನ್ಯೂಯಾರ್ಕಿನಲ್ಲಿ ತಿಂಗಳುಗಟ್ಟಲೆ ಮಾತಾಯಿತು.

ಇಷ್ಟೆಲ್ಲ ಆದ ಮೇಲೂ ಅಭಿಮಾನಿಯ ಮನಸ್ಸಿನಲ್ಲಿ ಉಳಿಯುವ ದೂರು ಒಂದೇ: ಕೊನೆಗೆ ಈ ಹಣ ಕೊಡುವವರು ನಾವು. ಟಿಕೆಟಿನ ಬೆಲೆ, ಪಾರ್ಕಿಂಗ್, ಒಂದು ಹಾಟ್ ಡಾಗ್ ಎಲ್ಲವೂ ಏರುತ್ತಿರುವಾಗ ಈ ದೂರು ಸುಳ್ಳೆನ್ನಲಾಗದು. ಆದರೆ ಟಿಕೆಟಿಗೆ ಬೆಲೆ ಕಟ್ಟುವುದು ಆ ಆಸನಕ್ಕೆ ಜನ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದರ ಮೇಲೆ, ಆಟಗಾರರ ಸಂಬಳದ ಪಟ್ಟಿ ನೋಡಿಕೊಂಡಲ್ಲ. ಸೊಟೊ ಬಂದರೆ ಜನ ಹೆಚ್ಚು ಬರುತ್ತಾರೆ, ಬೆಲೆ ಏರಬಹುದು. ಸೊಟೊ ಬಾರದೆ ಉಳಿದ ಹಣ ಮಾತ್ರ ಅಭಿಮಾನಿಯ ಜೇಬಿಗೆ ಬರುವುದಿಲ್ಲ, ಮಾಲೀಕನಲ್ಲಿಯೇ ಉಳಿಯುತ್ತದೆ. ಇದು ಊಹೆಯಲ್ಲ, ಒಮ್ಮೆ ನಡೆದುಹೋದದ್ದು. 1985ರಿಂದ ಮೂರು ಚಳಿಗಾಲ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಬೇರೆ ತಂಡದ ಫ್ರೀ ಏಜೆಂಟುಗಳಿಗೆ ಬೆಲೆ ಕರೆಯುವುದನ್ನೇ ನಿಲ್ಲಿಸಿದರು. 1987ರ ವಸಂತದಲ್ಲಿ ಆಂಡ್ರೆ ಡಾಸನ್ ಎಂಬ ಹೆಸರಾಂತ ಔಟ್‌ಫೀಲ್ಡರ್, ಕೇಳುವವರಿಲ್ಲದೆ, ಅರಿಜೋನಾದಲ್ಲಿ ಅಭ್ಯಾಸ ನಡೆಸುತ್ತಿದ್ದ ಕಬ್ಸ್ ತಂಡದ ಬಾಗಿಲಿಗೆ ತನ್ನ ಏಜೆಂಟನೊಡನೆ ಹೋಗಿ, ಸಂಬಳದ ಜಾಗ ಖಾಲಿ ಬಿಟ್ಟ ಒಪ್ಪಂದಪತ್ರವನ್ನು ಕೊಟ್ಟು, ನೀವೇ ತುಂಬಿಕೊಳ್ಳಿ ಎಂದ. ಕಬ್ಸ್ 5 ಲಕ್ಷ ಡಾಲರ್ ಎಂದು ಬರೆಯಿತು. ಆ ವರ್ಷ ಅವನು 49 ಹೋಮ್ ರನ್ ಹೊಡೆದು, ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡದಲ್ಲಿದ್ದುಕೊಂಡೇ ಲೀಗಿನ ಶ್ರೇಷ್ಠ ಆಟಗಾರನಾದ. ಮಾಲೀಕರ ಒಳಸಂಚು ಸಾಬೀತಾಗಿ 1990ರಲ್ಲಿ ಅವರು ಆಟಗಾರರಿಗೆ 28 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಬೇಕಾಯಿತು. ‘ಆಟಗಾರರು ಅತಿ ಆಸೆಬುರುಕರು’ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಆ ಖಾಲಿ ಜಾಗ.

ಹಾಗಾದರೆ ಮಿಲ್ವಾಕಿಯ ಅಭಿಮಾನಿಯ ಸಂಕಟಕ್ಕೆ ಉತ್ತರವೇನು? ಅವನ ಸಂಕಟ ನಿಜವಾದದ್ದು. ಬೇಸ್‌ಬಾಲ್‌ನಲ್ಲಿ ಆದಾಯದ ದೊಡ್ಡ ಪಾಲು ಸ್ಥಳೀಯ ಟಿ.ವಿ. ಒಪ್ಪಂದಗಳಿಂದ ಬರುತ್ತಿತ್ತು, ಈಗಲೂ ದೊಡ್ಡ ಊರುಗಳಲ್ಲಿ ಬರುತ್ತಿದೆ. ಡಾಡ್ಜರ್ಸ್‌ನ ಸ್ಥಳೀಯ ಪ್ರಸಾರದ ಒಪ್ಪಂದ 25 ವರ್ಷಗಳಿಗೆ ಸುಮಾರು 835 ಕೋಟಿ ಡಾಲರಿನದು ಎಂದು ವರದಿಯಾಗಿತ್ತು. ಲೀಗಿನ ಅತ್ಯಂತ ಸಣ್ಣ ಟಿ.ವಿ. ಮಾರುಕಟ್ಟೆಯಾದ ಮಿಲ್ವಾಕಿ ಅದರ ಹತ್ತಿರಕ್ಕೂ ಹೋಗಲಾರದು. ಈ ಅಂತರವನ್ನು ತಗ್ಗಿಸಲು ಪ್ರತಿ ತಂಡವೂ ತನ್ನ ಸ್ಥಳೀಯ ಆದಾಯದ ಶೇ 48ರಷ್ಟನ್ನು ಒಂದು ಸಾಮಾನ್ಯ ನಿಧಿಗೆ ಹಾಕುತ್ತದೆ, ಅದನ್ನು ಎಲ್ಲ 30 ತಂಡಗಳಿಗೂ ಸಮನಾಗಿ ಹಂಚುತ್ತಾರೆ. ಇಷ್ಟು ಹಂಚಿದ ಮೇಲೂ ಕೆಲವು ತಂಡಗಳು ಪಡೆದ ಹಣವನ್ನು ಆಟಗಾರರ ಮೇಲೆ ಖರ್ಚು ಮಾಡುತ್ತಿಲ್ಲ ಎಂಬುದು ಆಟಗಾರರ ಸಂಘದ ಬಹುಕಾಲದ ಆಕ್ಷೇಪ. ಹೆಚ್ಚಿನ ತಂಡಗಳ ಲೆಕ್ಕಪುಸ್ತಕ ಖಾಸಗಿಯಾಗಿರುವುದರಿಂದ ಅಭಿಮಾನಿಗೆ ಸತ್ಯ ನೋಡುವ ದಾರಿಯೂ ಇಲ್ಲ. ಕೋಹೆನ್ ಅತಿಯಾಗಿ ಖರ್ಚು ಮಾಡುತ್ತಾರೆ ಎಂದು ಕೋಪಿಸಿಕೊಳ್ಳುವ ಅಭಿಮಾನಿ, ತನ್ನ ಊರಿನ ಮಾಲೀಕ ಏಕೆ ಖರ್ಚು ಮಾಡುವುದಿಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಮೇಲ್ಮಿತಿಯ ಚರ್ಚೆ ನಡೆದಷ್ಟು ಕೆಳಮಿತಿಯ ಚರ್ಚೆ ನಡೆಯದಿರುವುದು ನನಗೆ ಬೇಸರ ತರುವ ಸಂಗತಿ.

ಹಣ ಗೆಲುವನ್ನು ಕೊಳ್ಳುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ 2025ರ ಋತು ಎರಡೂ ಕಡೆಗೆ ಸಾಕ್ಷಿ ಹೇಳಿತು. ಮೇ 16ರಂದು ಸೊಟೊ ಯಾಂಕೀ ಸ್ಟೇಡಿಯಂಗೆ ಎದುರಾಳಿಯಾಗಿ ಮರಳಿದಾಗ ಮೊದಲ ಸಲ ಬ್ಯಾಟ್ ಹಿಡಿಯಲು ಬಂದವನಿಗೆ ಮೈದಾನ ತುಂಬ ಧಿಕ್ಕಾರ. ಅವನು ಹೆಲ್ಮೆಟ್ ತೆಗೆದು ವಂದಿಸಿದ. ಅವನು ಕಾವಲು ಕಾಯುವ ಬಲಬದಿಯ ಗ್ಯಾಲರಿಯ ಅಭಿಮಾನಿಗಳು, ಹಿಂದಿನ ವರ್ಷ ಅವನ ಹೆಸರು ಕೂಗುತ್ತಿದ್ದವರೇ, ಅವನಿಗೆ ಬೆನ್ನು ಮಾಡಿ ನಿಂತರು. ನಿಧಾನವಾಗಿ ಆರಂಭಿಸಿದ ಸೊಟೊ ಋತು ಮುಗಿಸುವ ಹೊತ್ತಿಗೆ 43 ಹೋಮ್ ರನ್ ಹೊಡೆದು, 38 ಬೇಸ್ ಕದ್ದು (ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡಿ), 127 ವಾಕ್ (ಪಿಚರನ ಕೆಟ್ಟ ಎಸೆತಗಳಿಂದ ಸಿಗುವ ಮೊದಲ ಬೇಸ್) ಪಡೆದಿದ್ದ. ಜೂನ್ ಮಧ್ಯದಲ್ಲಿ ಮೆಟ್ಸ್ 45 ಗೆದ್ದು 24 ಸೋತು ಇಡೀ ಲೀಗಿನಲ್ಲಿ ಮುಂದಿತ್ತು. ಆಮೇಲೆ ಪಿಚಿಂಗ್ ಕುಸಿಯಿತು. ಕೊನೆಯ ದಿನ ಮಯಾಮಿಯಲ್ಲಿ 4–0ರಿಂದ ಸೋತು, 83 ಗೆಲುವುಗಳಲ್ಲಿ ಸಿನ್ಸಿನಾಟಿಯೊಡನೆ ಸಮನಾಗಿ ನಿಂತು, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಹಿಂದಾಗಿ ಪ್ಲೇಆಫ್‌ನಿಂದ ಹೊರಬಿದ್ದಿತು. ಅತ್ತ ಸಣ್ಣ ಸಂಬಳದ ಮಿಲ್ವಾಕಿ 97 ಪಂದ್ಯ ಗೆದ್ದು ಲೀಗಿನಲ್ಲಿಯೇ ಮೊದಲ ಸ್ಥಾನ ಪಡೆಯಿತು. ಆದರೆ ಅಕ್ಟೋಬರಿನಲ್ಲಿ ಅದೇ ಮಿಲ್ವಾಕಿ ಡಾಡ್ಜರ್ಸ್ ಎದುರು 4–0ರಿಂದ ಸೋತಿತು. ಕೊನೆಯ ಪಂದ್ಯದಲ್ಲಿ ಓಟಾನಿ ಒಬ್ಬನೇ ಮೂರು ಹೋಮ್ ರನ್ ಹೊಡೆದು, ಪಿಚರನಾಗಿ ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಡಾಡ್ಜರ್ಸ್ ಸತತ ಎರಡನೆಯ ಸಲ ವರ್ಲ್ಡ್ ಸೀರೀಸ್ ಗೆದ್ದಿತು. 2000ದ ಯಾಂಕೀಸ್ ನಂತರ ಕಾಲು ಶತಮಾನ ಯಾವ ತಂಡಕ್ಕೂ, ಎಷ್ಟೇ ಖರ್ಚು ಮಾಡಿದರೂ, ಪ್ರಶಸ್ತಿಯನ್ನು ಉಳಿಸಿಕೊಳ್ಳಲು ಆಗಿರಲಿಲ್ಲ.

ಹಣದಿಂದ 162 ಪಂದ್ಯಗಳ ಉದ್ದದಲ್ಲಿ ತಪ್ಪುಗಳನ್ನು ಮುಚ್ಚಿಕೊಳ್ಳಲು ಅವಕಾಶ ಸಿಗುತ್ತದೆ, ಆದರೆ ಎಲ್ಲಿ ತೂತಿದೆ ಎಂದು ತಿಳಿಯುವ ಕಣ್ಣು ಸಿಗುವುದಿಲ್ಲ. ಮೆಟ್ಸ್ ಸೋತದ್ದು ಸೊಟೊನನ್ನು ಕೊಂಡದ್ದರಿಂದಲ್ಲ, ಪಿಚಿಂಗ್ ಕೊರತೆ ತುಂಬದೆ ಬಿಟ್ಟದ್ದರಿಂದ. ಡಾಡ್ಜರ್ಸ್ ಗೆದ್ದದ್ದು ಹಣವೂ ಕಣ್ಣೂ ಎರಡೂ ಇದ್ದದ್ದರಿಂದ.

ಈ ಎಲ್ಲ ನಿಯಮಗಳನ್ನು ಹಿಡಿದಿಟ್ಟಿರುವ ಮಾಲೀಕರ ಮತ್ತು ಆಟಗಾರರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯಬೇಕು. ಸಂಬಳದ ಮೇಲ್ಮಿತಿ ಬೇಕೆಂಬ ಮಾತು ಮಾಲೀಕರ ಕಡೆಯಿಂದ ಮತ್ತೆ ಕೇಳಿಬರುತ್ತಿದೆ; 1994ರಲ್ಲಿ ಅದೇ ಬೇಡಿಕೆಯ ಮೇಲೆ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವರ್ಲ್ಡ್ ಸೀರೀಸ್ ರದ್ದಾಗಿತ್ತು. ಅಮೆರಿಕದ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಲೀಗುಗಳಲ್ಲಿ ಮಿತಿಯಿದೆ, ಜೊತೆಗೆ ಆದಾಯದ ಸುಮಾರು ಅರ್ಧ ಆಟಗಾರರಿಗೆ ಸೇರಬೇಕೆಂಬ ಕಟ್ಟುಪಾಡೂ ಇದೆ. ಬೇಸ್‌ಬಾಲ್ ಅಭಿಮಾನಿಗಳಲ್ಲಿ ಮಿತಿಯನ್ನು ಬೆಂಬಲಿಸುವವರು ಈ ಎರಡನೆಯ ಕಟ್ಟುಪಾಡನ್ನು ಕೈಬಿಟ್ಟು ಮಾತಾಡಬಾರದು. ಕೆಳಮಿತಿಯಿಲ್ಲದ, ಯುವಕರ ಬಿಡುಗಡೆಯ ವಯಸ್ಸನ್ನು ಇಳಿಸದ ಮೇಲ್ಮಿತಿ ಬಂದರೆ, ಮುಂದಿನ ಸೊಟೊ ಹತ್ತೊಂಬತ್ತಕ್ಕೆ ಬಂದು ಆರು ವರ್ಷ ಅಗ್ಗವಾಗಿ ಆಡಿ, ಇಪ್ಪತ್ತಾರಕ್ಕೆ ಬಾಗಿಲು ತೆರೆದಾಗ ಹೊರಗೆ ಬೆಲೆ ಕೂಗುವವರೇ ಇರುವುದಿಲ್ಲ.